ಎಡಕ್ಕೆ ತಿರುಗಿದ ನೆರಿಗೆ

ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಚೈನೀಸ್ ಹೋಟೆಲಿನ ಮುಂದಿನ ಸಾಲು ಆಗಲೇ ಪಕ್ಕದ ಕನ್ನಡಕದ ಅಂಗಡಿಯನ್ನು ದಾಟಿತ್ತು. ನನಗೆ ಸಿಕ್ಕ ಟೋಕನ್ನು ಎಪ್ಪತ್ತಮೂರು. ಒಳಗಿನಿಂದ ಬಂದ ಕೂಗು ಐವತ್ತೆಂಟು ಎಂದಿತು. ನಾಲ್ಕು ಗಂಟೆಗೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಲು ಬಿಡುತ್ತಾರೆ, ಐದಕ್ಕೆ ಬಾಗಿಲು ಹಾಕುತ್ತಾರೆ. ಮರುದಿನ ಬೆಳಿಗ್ಗೆ ಏಳಕ್ಕೆ ಅಮ್ಮನ ಎದೆಯ ಆಪರೇಷನ್. ಡಾಕ್ಟರು ಅರ್ಧಕ್ಕರ್ಧ ಎಂದಿದ್ದರು, ಯಾವ ಅರ್ಧ ದೊಡ್ಡದು ಎಂದು ನಾವು ಕೇಳಿರಲಿಲ್ಲ. ಇವತ್ತು ಐದು ಗಂಟೆಯೊಳಗೆ ನಾನು ಅಕ್ಕನನ್ನು ಅಮ್ಮನ ಮುಂದೆ ನಿಲ್ಲಿಸಬೇಕಿತ್ತು.

ಅಕ್ಕ ಈ ಹೋಟೆಲಿನ ಅಡುಗೆಮನೆಯಲ್ಲಿ, ಪುಟ್ಟ ಕಡುಬಿನಂಥ ಡಂಪ್ಲಿಂಗುಗಳ ಬಾಯಿಯನ್ನು ನೆರಿಗೆ ಹಿಡಿದು ಮಡಚುವವಳು. ಮನೆ ಬಿಟ್ಟು ಮೂರು ವರ್ಷವಾಗಿತ್ತು.

ಬೆಳಿಗ್ಗೆ ಅಮ್ಮನೇ ಕೇಳಿದ್ದಳು. ಮೂಗಿಗೆ ಹಾಕಿದ್ದ ಕೊಳವೆಯನ್ನು ಒಂದು ಬೆರಳಿನಿಂದ ಸರಿಸಿ, "ಒಂದ್ಸಲ ನೋಡ್ಬೇಕು ಕಣೋ ಅವಳನ್ನ," ಎಂದಳು. ಅಪ್ಪ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತು ಹೊದಿಕೆ ಮಡಚುತ್ತಿದ್ದ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ತೀಡಿ, ಮತ್ತೆ ಬಿಡಿಸಿ, ಮತ್ತೆ ಮಡಚಿದ. ಆಮೇಲೆ ನನ್ನನ್ನು ಹೊರಗೆ ಕರೆದ.

"ಎಡಚಿ ಎಲ್ಲಿದ್ದಾಳೆ ಅಂತ ನಿಂಗೊತ್ತು."

ನಾನು ಕೈಯಲ್ಲಿದ್ದ ಔಷಧಿ ಚೀಟಿಯನ್ನು ಮಡಚಿದೆ.

"ಗುರುವಾರ ಗುರುವಾರ ನೀನು ಪೊಟ್ಟಣ ತರೋದು, ನಿಮ್ಮಮ್ಮ ಅದನ್ನ ಸೆರಗಲ್ಲಿ ಮುಚ್ಕೊಂಡು ಹೋಗೋದು, ನನಗೆ ಕಾಣಲ್ವೇನೋ? ನಾನು ಕುರುಡ ಅಂದ್ಕೊಂಡ್ರಾ? ನೆರಿಗೆ ನೋಡಿ ಕೈ ಯಾರದ್ದು ಅಂತ ಹೇಳೋ ಕಸುಬು ನಂದು. ಡಬ್ಬೀಲಿ ಉಳಿದಿದ್ದನ್ನ ನಾನೂ ತಿಂದಿದ್ದೀನಿ." ಅವನು ಜೇಬಿನಿಂದ ಕರವಸ್ತ್ರ ತೆಗೆದು, ಏನೂ ಒರೆಸದೆ ಮತ್ತೆ ಜೇಬಿಗಿಟ್ಟ. "ಕರ್ಕೊಂಡು ಬಾ. ನಾನು ಒಳಗಿರಲ್ಲ. ಹೊರಗೆ ನಿಂತಿರ್ತೀನಿ ಅಂತ ಹೇಳು."

ಮೂರು ವರ್ಷದಲ್ಲಿ ಅಪ್ಪ ಅವಳನ್ನು ಕುರಿತು ಆಡಿದ ಮೊದಲ ಮಾತು ಅದು. ಎಡಚಿ ಎಂಬ ಅಡ್ಡಹೆಸರು ಇಟ್ಟವನೂ ಅವನೇ. ಅವಳು ಚಿಕ್ಕವಳಿದ್ದಾಗ ಮುದ್ದಿನ ಹೆಸರಾಗಿದ್ದದ್ದು, ಅವಳು ಹೊಲಿಗೆ ಯಂತ್ರದ ಮುಂದೆ ಕೂತ ದಿನದಿಂದ ಬೈಗುಳವಾಯಿತು.

ನಮ್ಮದು ಶಾಲೆಗಳ ಯೂನಿಫಾರ್ಮ್ ಹೊಲಿಯುವ ಅಂಗಡಿ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ, ಅಮ್ಮ ಹೊಲಿಯುತ್ತಿದ್ದಳು, ಅಕ್ಕ ಸ್ಕರ್ಟುಗಳಿಗೆ ನೆರಿಗೆ ಹಿಡಿಯುತ್ತಿದ್ದಳು, ನಾನು ಕಾಲೇಜು ಮುಗಿಸಿ ಬಂದು ಇಸ್ತ್ರಿ ಹಾಕುತ್ತಿದ್ದೆ. ಸ್ಕರ್ಟಿನ ನೆರಿಗೆಗಳೆಲ್ಲ ಬಲಕ್ಕೆ ಬೀಳಬೇಕು. ಅಕ್ಕನ ಕೈ ಎಡ. ಅವಳ ಬೆರಳು ತನ್ನ ಪಾಡಿಗೆ ಬಿಟ್ಟರೆ ನೆರಿಗೆ ಎಡಕ್ಕೇ ತಿರುಗುತ್ತಿತ್ತು. ಪ್ರತಿ ನೆರಿಗೆಗೂ ಅವಳು ಒಂದು ಕ್ಷಣ ತಡೆದು, ಮನಸ್ಸಿನಲ್ಲೇ ಬಟ್ಟೆಯನ್ನು ತಿರುವಿ, ಬಲಕ್ಕೆ ಹಾಕುತ್ತಿದ್ದಳು. ಹೀಗೆ ಹನ್ನೊಂದು ವರ್ಷ. ಒಮ್ಮೆ ಅಮ್ಮ ಜ್ವರದಿಂದ ಮಲಗಿದಾಗ ಅರವತ್ತು ಸ್ಕರ್ಟನ್ನು ಎರಡೇ ದಿನದಲ್ಲಿ ಅವಳೊಬ್ಬಳೇ ಮುಗಿಸಬೇಕಾಗಿ ಬಂತು. ಆಗ ಕೈ ತಡೆಯಲಿಲ್ಲ. ಅರವತ್ತೂ ಎಡಕ್ಕೆ.

ಅಪ್ಪ ಅಂಗಡಿಯ ಮಧ್ಯದಲ್ಲಿ ಕೂತು, ಅಳತೆ ಕೊಡಲು ಬಂದ ಗಿರಾಕಿಗಳ ಎದುರಿನಲ್ಲೇ, ಬ್ಲೇಡಿನಿಂದ ಒಂದೊಂದೇ ಸ್ಕರ್ಟಿನ ಹೊಲಿಗೆ ಬಿಚ್ಚಿದ. "ದೇವರು ಕೈ ಕೊಡುವಾಗಲೇ ತಪ್ಪಿದ್ದಾನೆ, ನಾನೇನು ಮಾಡ್ಲಿ," ಎಂದು ಒಬ್ಬೊಬ್ಬರಿಗೂ ಹೇಳಿದ. ಅಕ್ಕ ಅರವತ್ತೂ ಮುಗಿಯುವವರೆಗೆ ಅಲ್ಲೇ ನಿಂತು ನೋಡಿದಳು. ಕೊನೆಯದು ಬಿಚ್ಚಿದ ಮೇಲೆ ನೆಲಕ್ಕೆ ಬಿದ್ದಿದ್ದ ದಾರದ ಚೂರುಗಳನ್ನೆಲ್ಲ ಗುಡಿಸಿ, ಪೊರಕೆಯನ್ನು ಅದರ ಜಾಗದಲ್ಲಿಟ್ಟು ಮನೆ ಬಿಟ್ಟು ಹೋದಳು.

ಇದರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿದೆ. ಮೊದಲನೆಯ ಸ್ಕರ್ಟು ಇಸ್ತ್ರಿಗೆ ಬಂದಾಗಲೇ ನನಗೆ ನೆರಿಗೆ ಕಂಡಿತ್ತು. ಐವತ್ತೊಂಬತ್ತು ಉಳಿದಿದ್ದವು. ಆಗ ಬಾಯಿ ಬಿಟ್ಟಿದ್ದರೆ ಅವಳು ನಕ್ಕು, ಒಂದನ್ನು ಬಿಚ್ಚಿ ಸರಿಮಾಡಿ ಮುಂದೆ ಹೋಗುತ್ತಿದ್ದಳು. ಹೇಳಿದರೆ ಅಪ್ಪನ ಕಡೆಯವನಾಗುತ್ತೇನೆ ಅನ್ನಿಸಿತೋ, ಅವಳು ಗೊತ್ತಿದ್ದೇ ಮಾಡಿರಬೇಕು ಅನ್ನಿಸಿತೋ, ಈಗ ನೆನಪಿಲ್ಲ. ಅರವತ್ತಕ್ಕೂ ನೀಟಾಗಿ ಇಸ್ತ್ರಿ ಹಾಕಿದೆ.

ಆಮೇಲೆ ಎಂ.ಎ. ಮುಗಿಸಿ ಗ್ರಂಥಾಲಯ ಸೇರಿದೆ. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ, ಸುಮ್ಮನಿರುವುದಕ್ಕೇ ಸಂಬಳ ಕೊಡುತ್ತಾರೆ. ಗುರುವಾರ ಅರ್ಧ ದಿನ ರಜೆ. ಅಂಥ ಒಂದು ಗುರುವಾರ, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬುತ್ತದೆ ಎಂದು ಸಹೋದ್ಯೋಗಿಗಳು ಇಲ್ಲಿಗೆ ಎಳೆದುಕೊಂಡು ಬಂದಾಗ, ಬಿದಿರಿನ ಬುಟ್ಟಿಯ ಮುಚ್ಚಳ ತೆಗೆದರೆ ಆವಿಯ ಅಡಿಯಲ್ಲಿ ಎಂಟು ಡಂಪ್ಲಿಂಗುಗಳಿದ್ದವು. ಐದರ ನೆರಿಗೆ ಬಲಕ್ಕೆ, ಮೂರರದ್ದು ಎಡಕ್ಕೆ. ಕೈ ಗುರುತು ಸಿಗಲು ನನಗೆ ಎರಡನೆಯ ನೋಟ ಬೇಕಾಗಲಿಲ್ಲ.

ಹಿತ್ತಲ ಬಾಗಿಲಿನಲ್ಲಿ ಅವಳನ್ನು ಕಂಡೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡಿತ್ತು. ದಪ್ಪಗಾಗಿದ್ದಳು, ಚೆನ್ನಾಗಿಯೇ ಇದ್ದಳು.

"ಇಲ್ಲಿ ಯಾವ ಕಡೆಗೆ ತಿರುಗಿದ್ರೂ ಯಾರೂ ಕೇಳಲ್ಲ ಕಣೋ. ಬಾಯಿಗೆ ಹೋಗೋದಕ್ಕೆ ಎಡ ಏನು, ಬಲ ಏನು," ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಅಪ್ಪನಿಗೆ ಹೇಳ್ಬೇಡ. ನನ್ನ ಹೊರಗೆ ಕರೀಬೇಡ, ಮನೆಗೆ ಬಾ ಅನ್ಬೇಡ. ಹಸಿವಾದ್ರೆ ಬಾ, ತಿನ್ನು, ಹೋಗು. ಬುಟ್ಟೀಲಿ ಎಡಕ್ಕೆ ತಿರುಗಿದ್ದು ಇದ್ರೆ ನಾನಿದ್ದೀನಿ ಅಂತ ತಿಳ್ಕೋ. ಅಷ್ಟು ಸಾಕಲ್ವಾ?"

"ಸಾಕು," ಎಂದೆ.

ಅಂದಿನಿಂದ ಎರಡು ವರ್ಷ, ಒಂದು ಗುರುವಾರವೂ ತಪ್ಪಿಸಲಿಲ್ಲ. ಅವಳ ಮಾತನ್ನೂ ಮೀರಲಿಲ್ಲ. ಒಂದು ಬುಟ್ಟಿ ತಿನ್ನುತ್ತಿದ್ದೆ, ಒಂದನ್ನು ಅಮ್ಮನಿಗೆ ಕಟ್ಟಿಸುತ್ತಿದ್ದೆ. ಅಮ್ಮ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಡಂಪ್ಲಿಂಗನ್ನು ಬೆಳಕಿಗೆ ಹಿಡಿದು ನೆರಿಗೆಯನ್ನು ಬೆರಳಿನಿಂದ ಓದುತ್ತಿದ್ದಳು. "ಇವತ್ತು ಬಿಗಿಯಾಗಿ ಹಿಡಿದಿದ್ದಾಳೆ, ಯಾರ ಮೇಲೋ ಸಿಟ್ಟು ಬಂದಿದೆ." "ಇವತ್ತು ಕೈ ಸಡಿಲ, ಸರಿಯಾಗಿ ನಿದ್ದೆ ಮಾಡಿಲ್ಲ." ಎಲ್ಲ ಹೇಳಿ ಮುಗಿಸಿ ತಣ್ಣಗಾದದ್ದನ್ನು ತಿನ್ನುತ್ತಿದ್ದಳು. ಈಚೆಗೆ ಕೆಲವು ತಿಂಗಳಿಂದ ಇನ್ನೊಂದು ಮಾತು ಶುರುವಾಗಿತ್ತು. "ನೆರಿಗೆ ಸಣ್ಣಸಣ್ಣ ಆಗಿದೆ ನೋಡು. ಬೆರಳು ಸಣ್ಣಗಾಗಿದೆ. ಸೊರಗಿದ್ದಾಳೆ ಕಣೋ. ಊಟ ಮಾಡ್ತಾಳೋ ಇಲ್ವೋ, ಕೇಳ್ಬಾರ್ದಾ?"

"ಕೇಳ್ತೀನಮ್ಮ," ಎನ್ನುತ್ತಿದ್ದೆ. ಕೇಳಲಿಲ್ಲ. ಕರೀಬೇಡ ಎಂದವಳು ಅವಳೇ ತಾನೆ? ಮಾತು ಉಳಿಸಿಕೊಳ್ಳುವುದೇ ಪ್ರೀತಿ ಎಂದು ನಾನು ತಿಳಿದುಕೊಂಡಿದ್ದೆ.

"ಎಪ್ಪತ್ತಮೂರು! ಎಪ್ಪತ್ತಮೂರು ಇದ್ದಾರಾ, ಹಸಿದು ಹೋದ್ರಾ?"

ಕೂಗಿದವನು ಟೋಕನ್ ಮಾಮ. ಐವತ್ತು ದಾಟಿದ ಪರಿಚಾರಕ, ಬಸ್‌ಸ್ಟ್ಯಾಂಡಿನಲ್ಲಿ ಇರಬೇಕಾದ ಗಂಟಲು. ಗಿರಾಕಿಗಳೆಲ್ಲ ಅವನನ್ನು ಹಾಗೇ ಕರೆಯುತ್ತಾರೆ. ಇಲ್ಲಿ ಯಾರಿಗೂ ತಮ್ಮದೇ ಆದ ಮೇಜು ಸಿಗುವುದಿಲ್ಲ, ಖಾಲಿಯಾದ ಸ್ಟೂಲಿನ ಮೇಲೆ ಕೂರಬೇಕು. ನನ್ನ ಎದುರಿಗೆ ನಿವೃತ್ತ ಮೇಷ್ಟ್ರಂತೆ ಕಾಣುವ ಒಬ್ಬರು, ಅವರ ಹೆಂಡತಿ. ಇಬ್ಬರ ನಡುವೆ ಒಂದೇ ತಟ್ಟೆ ಫ್ರೈಡ್ ರೈಸು.

"ಮೊಟ್ಟೆಯೆಲ್ಲ ನಿಮ್ಮ ಕಡೇಗೇ ಎಳ್ಕೊಂಡಿದ್ದೀರಲ್ರೀ."

"ನಾನೆಳೀಲಿಲ್ಲ ಕಣೇ, ಅದೇ ಬಂತು." ಮೇಷ್ಟ್ರು ನನ್ನ ಕಡೆ ತಿರುಗಿದರು. "ನೋಡಿ, ಮನೇಲಿ ಇವಳು ನನ್ನ ಜೊತೆ ಮಾತೇ ಆಡಲ್ಲ. ಮಾತು ಕೇಳ್ಬೇಕು ಅಂದ್ರೆ ನಾನು ಇಲ್ಲಿಗೆ ಕರ್ಕೊಂಡು ಬರ್ಬೇಕು. ಈ ಮೊಟ್ಟೆ ಚೂರಿನ ಪುಣ್ಯ."

ಹೆಂಡತಿ ಮುಖ ತಿರುಗಿಸಿ ನಕ್ಕರು. ನಾನೂ ನಗಲು ಪ್ರಯತ್ನಿಸಿದೆ. ಗೋಡೆಯ ಮೇಲಿನ ಫ್ಯಾನು ಕೆಂಪು ಕಾಗದದ ಲಾಂದ್ರಗಳನ್ನು ಒಂದೇ ಕಡೆಗೆ ತಳ್ಳುತ್ತಿತ್ತು. ಒಳಗೆ ಬಾಣಲೆಗೆ ಅನ್ನ ಬಿದ್ದ ಸದ್ದು, ಸಟ್ಟುಗ ಕಬ್ಬಿಣಕ್ಕೆ ತಾಗುವ ಸದ್ದು. ತಟ್ಟೆಗಳನ್ನು ಹೊರಗೆ ತಳ್ಳುವ ಕಿಂಡಿಗೆ ಪ್ಲಾಸ್ಟಿಕ್ ಪರದೆ ಬಿಟ್ಟಿದ್ದರು. ಅದರ ಹಿಂದೆ ಮಡಚುವ ಮೇಜು. ಹನ್ನೆರಡು ಹೆಜ್ಜೆ ಇರಬಹುದು. ಎರಡು ವರ್ಷದಲ್ಲಿ ಆ ಹನ್ನೆರಡು ಹೆಜ್ಜೆಯನ್ನು ನಾನು ನಡೆದಿರಲಿಲ್ಲ.

ಈಗಲೂ ಎದ್ದು ಹೋಗಿ 'ಅಕ್ಕಾ' ಎನ್ನಬಹುದಿತ್ತು. ಆದರೆ ಮೊದಲು ಬುಟ್ಟಿ ಬರಲಿ ಎಂದು ಕಾದೆ. ನೆರಿಗೆ ನೋಡಿದ ಮೇಲೆ ಕರೆಯೋಣ, ಅಲ್ಲಿಯವರೆಗೆ ಕರೆಯಲು ನನಗೆ ಹಕ್ಕಿಲ್ಲ ಅನ್ನುವಂತೆ.

"ಒಂದು ಬುಟ್ಟಿ ಆವೀದು, ಒಂದು ಫ್ರೈಡ್ ರೈಸು, ಒಂದು ಬುಟ್ಟಿ ಪಾರ್ಸೆಲ್ಲು," ಎಂದು ನಾನು ಹೇಳುವ ಮೊದಲೇ ಟೋಕನ್ ಮಾಮ ಹೇಳಿದ. "ಎರಡು ವರ್ಷದಿಂದ ನಿಮ್ಮ ಬಾಯಿಂದ ಬಂದಿರೋದು ಇದೊಂದೇ ಮಾತು ಸಾರ್. ಗಿಳಿ ಆಗಿದ್ರೂ ಈ ಹೊತ್ತಿಗೆ ಇನ್ನೊಂದು ಕಲಿತಿರೋದು."

ಬುಟ್ಟಿ ಬಂತು. ಮುಚ್ಚಳ ತೆಗೆದೆ. ಆವಿ ಕಳೆಯುವವರೆಗೆ ಕಾದೆ. ಎಂಟರಲ್ಲಿ ನಾಲ್ಕು ಎಡಕ್ಕೆ ತಿರುಗಿದ್ದವು.

ಇದ್ದಾಳೆ.

ಒಂದನ್ನು ಬಾಯಿಗೆ ಹಾಕಿಕೊಂಡೆ. ಕೋಸು, ಶುಂಠಿ, ಬಿಸಿ ನೀರಿನಂತೆ ನಾಲಗೆ ಸುಟ್ಟ ರಸ. ಗಡಿಯಾರದಲ್ಲಿ ಒಂದೂಕಾಲು. ಒಂದೂವರೆಗೆ ಅವಳು ಕೈ ತೊಳೆದುಕೊಂಡರೆ ಎರಡೂವರೆಯ ಬಸ್ಸು ಸಿಗುತ್ತದೆ. ದಾರಿಯಲ್ಲಿ ಅಪ್ಪ ಹೊರಗೆ ನಿಂತಿರುತ್ತಾನೆ ಎಂದು ಹೇಳಬೇಕು, ಅವನು ಹೇಳಿದ ಹಾಗೆಯೇ ಹೇಳಬೇಕು. ಅರವತ್ತು ಸ್ಕರ್ಟಿನ ಇಸ್ತ್ರಿಯ ವಿಷಯವನ್ನೂ ಇವತ್ತೇ ಹೇಳಿಬಿಡಬೇಕು. ಬಾಯಿ ಒಮ್ಮೆ ತೆರೆದರೆ ಎಲ್ಲ ಬರುತ್ತದೆ ಅನ್ನಿಸಿತು.

ಟೋಕನ್ ಮಾಮನ ತೋಳು ಹಿಡಿದೆ. "ಇದನ್ನ ಮಡಚಿದವರನ್ನ ಸ್ವಲ್ಪ ಕರೀತೀರಾ?" ಎಂದು ಎಡಕ್ಕೆ ತಿರುಗಿದ್ದನ್ನು ತೋರಿಸಿದೆ.

ಅವನಿಗೆ ಗಾಬರಿಯಾಯಿತು. ದನಿ ತಗ್ಗಿಸಿ, "ಏನ್ ಸಿಕ್ತು ಸಾರ್? ಕೂದಲಾ?" ಎಂದ.

"ಇಲ್ಲ, ಇಲ್ಲ. ಸುಮ್ನೆ ಕರೀರಿ."

"ಗಿಳಿ ಮಾತಾಡ್ತು ಅಂದ್ಕೊಂಡ್ರೆ ಹದ್ದಾಯ್ತಲ್ಲಪ್ಪ," ಎಂದು ಗೊಣಗುತ್ತಾ ಪರದೆಯ ಹಿಂದೆ ಹೋದ.

ಪರದೆ ಸರಿಯಿತು. ಬಂದವಳು ಮೂವತ್ತರ ಆಸುಪಾಸಿನ, ತೆಳ್ಳಗಿನ ಹೆಂಗಸು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ನಾನು ಅವಳ ಹಿಂದೆ ಇನ್ನೊಬ್ಬರು ಬರುವರೆಂದು ನೋಡುತ್ತಲೇ ಇದ್ದೆ.

"ಏನಾಯ್ತು ಸಾರ್? ಬಾಯಿ ಬಿಚ್ಕೊಂಡಿತ್ತಾ? ಇವತ್ತು ಹಿಟ್ಟು ಸ್ವಲ್ಪ ಒಣಗಿತ್ತು."

"ನೀವಲ್ಲ. ಇದನ್ನ... ಎಡಕ್ಕೆ ತಿರುಗಿರೋದನ್ನ ಮಡಚೋರು."

"ನಾನೇ ಸಾರ್."

"ಎಡಗೈಯವರು," ಎಂದೆ. "ನನ್ನ ಅಕ್ಕ."

ಅವಳು ಒರೆಸುತ್ತಿದ್ದ ಕೈ ನಿಲ್ಲಿಸಿದಳು. ನನ್ನ ಮುಖ, ಮುಂದಿದ್ದ ಬುಟ್ಟಿ, ಮತ್ತೆ ನನ್ನ ಮುಖ ನೋಡಿದಳು. "ಗುರುವಾರದ ತಮ್ಮ ನೀವೇನಾ?"

ಮೇಷ್ಟ್ರ ಹೆಂಡತಿ ಚಮಚ ಕೆಳಗಿಟ್ಟರು. ಆ ಹೆಂಗಸು ನನ್ನನ್ನು ಕೈ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋದಳು.

"ಅಕ್ಕ ಇಲ್ಲಿಂದ ಹೋಗಿ ಏಳು ತಿಂಗಳಾಯ್ತಲ್ಲ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಅದನ್ನು ಬಿಗಿ ಮಾಡಿದೆ. ನಿಲ್ಲಲಿಲ್ಲ.

"ಆದ್ರೆ ನೆರಿಗೆ..."

"ನನಗೆ ಕಲಿಸಿದ್ದೇ ಅವರು. ಪಕ್ಕದಲ್ಲಿ ಕೂರ್ಸಿಕೊಂಡು, ಬೆರಳು ಹಿಡಿದು ಕಲಿಸಿದ್ರು. ನಂದು ಬಲಗೈ, ಆದ್ರೂ ಹೀಗೇ ಬರೋದು. ಇನ್ನೊಂದು ಕಡೆಗೂ ತಿರುಗತ್ತೆ ಅಂತ ಗೊತ್ತಾಗೋ ಹೊತ್ತಿಗೆ ಕೈ ಕೂತುಬಿಟ್ಟಿತ್ತು." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಸಣ್ಣ ಬೆರಳು. "ಅವರಿಗೆ ಮಣಿಕಟ್ಟು ಹೋಯ್ತು ಸಾರ್. ದಿನಕ್ಕೆ ಸಾವಿರ ಮಡಚ್ಬೇಕಲ್ಲ. ಬೆರಳು ಜೋಮು ಹಿಡಿಯೋದು, ಹಿಟ್ಟು ಹಿಡಿದಿದ್ದೂ ಗೊತ್ತಾಗ್ತಿರ್ಲಿಲ್ಲ. ಆಮೇಲೆ ಪಾತ್ರೆ ತೊಳೆಯೋಕೆ ಹಾಕಿದ್ರು. ಅದೂ ಆಗ್ಲಿಲ್ಲ."

"ಎಲ್ಲಿಗೆ ಹೋದ್ಲು?"

"ಹೇಳ್ಲಿಲ್ಲ. ರೂಮೂ ಖಾಲಿ ಮಾಡಿದ್ರು. ನಾನು ಎಷ್ಟೋ ಸಲ ಫೋನ್ ಮಾಡಿದೆ." ಅವಳು ನಂಬರ್ ಹೇಳಿದಳು. ಒತ್ತಿದೆ. ಆ ಸಂಖ್ಯೆ ಬಳಕೆಯಲ್ಲಿಲ್ಲ ಎಂದು ಯಂತ್ರದ ಹೆಣ್ಣು ದನಿ ಎರಡು ಸಲ ಹೇಳಿತು. ಇನ್ನೊಮ್ಮೆ ಒತ್ತಿದೆ.

"ಒಂದ್ಮಾತು ಹೇಳ್ಲಾ ಸಾರ್? ಬೇಜಾರು ಮಾಡ್ಕೋಬೇಡಿ." ಅವಳ ದನಿಯಲ್ಲಿ ಸಿಟ್ಟಿತ್ತೋ ಮರುಕವೋ ತಿಳಿಯಲಿಲ್ಲ. "ಕೈ ಕೆಟ್ಟ ಮೇಲೆ ಗುರುವಾರ ಬಂದ್ರೆ ಅವರು ಆ ಪರದೆ ಹತ್ರಾನೇ ನಿಂತಿರೋರು. ಇವತ್ತು ಕರೀತಾನೆ ನೋಡು ಅನ್ನೋರು. ಇವತ್ತು ಕರೆದ್ರೆ ಹೋಗ್ಬಿಡ್ತೀನಿ ಕಣೇ, ಅಪ್ಪ ಏನಾದ್ರೂ ಅಂದ್ಕೊಳ್ಲಿ ಅನ್ನೋರು. ನೀವು ತಿಂದು, ಪೊಟ್ಟಣ ತಗೊಂಡು ಹೋಗೋರು. 'ಕರೀಬೇಡ ಅಂತ ನೀವೇ ಅಂದಿದ್ರಲ್ಲ ಅಕ್ಕಾ' ಅಂತ ನಾನು ಕೇಳಿದ್ರೆ, 'ಅಂದೆ ಕಣೇ. ಅವನು ಸಾಕು ಅಂದ್ಬಿಟ್ಟ. ಸಾಲ್ದು ಅಂತಾನೆ ಅಂದ್ಕೊಂಡಿದ್ದೆ' ಅಂತ ನಗೋರು."

"ನೀವೇ ಹೊರಗೆ ಬಂದು ನನಗೆ ಹೇಳ್ಬಹುದಿತ್ತಲ್ಲ."

"ಅವರು ಆಣೆ ಹಾಕಿದ್ರು. ಅವರು ಹೋದ್ಮೇಲೆ ನೀವು ಬರ್ತಾನೇ ಇದ್ದೀರಿ ಅಂತ ನನಗೇನು ಗೊತ್ತು? ಒಳಗಿದ್ದೋರಿಗೆ ತಟ್ಟೆ ಕಾಣತ್ತೆ ಸಾರ್, ಮುಖ ಕಾಣಲ್ಲ."

ಒಳಗಿನಿಂದ ಯಾರೋ ಕೂಗಿದರು. ಅವಳು ಹೋಗಬೇಕಿತ್ತು. ಹೋಗುವ ಮೊದಲು, "ಮನೇಲಿ ಎಲ್ಲ ಚೆನ್ನಾಗಿದ್ದಾರಾ?" ಎಂದಳು. ಅಕ್ಕ ಕೇಳಬೇಕಾಗಿದ್ದ ಮಾತು. ಹೂಂ ಎಂದೆ.

ಗಲ್ಲೆಯಲ್ಲಿದ್ದ ಯಜಮಾನಿ ಹೆಚ್ಚೇನೂ ಹೇಳಲಿಲ್ಲ. ಒಳ್ಳೆಯ ಕೆಲಸದವಳು, ಹೋಗುವಾಗ ಏಪ್ರನ್ನು ಒಗೆದು ಮಡಚಿ ಕೊಟ್ಟು ಹೋದಳು, ಅಷ್ಟೇ ಗೊತ್ತು ಎಂದರು. ಎಂದಿನಂತೆ ಕಟ್ಟಿಟ್ಟಿದ್ದ ಪಾರ್ಸೆಲ್ಲನ್ನು ನನ್ನ ಕಡೆ ಸರಿಸಿದರು. ಬೇಡ ಎನ್ನಬೇಕೆಂದು ತೋಚಲಿಲ್ಲ. ಟೋಕನ್ ಮಾಮನಿಂದ ವಿಳಾಸ ಕೇಳಿಕೊಂಡು ಅಕ್ಕನ ಹಳೆಯ ರೂಮಿನ ಬೀದಿಗೆ ಹೋದೆ. ಎರಡು ಗಂಟೆಯ ಬಿಸಿಲು. ಬಾಗಿಲಿನಲ್ಲಿ ಬೇರೆಯವರ ಚಪ್ಪಲಿಗಳಿದ್ದವು. ಅಕ್ಕಪಕ್ಕದ ನಾಲ್ಕು ಮನೆಯಲ್ಲಿ ಕೇಳಿದೆ. ಎಡಗೈಯಲ್ಲಿ ಅಂಗಿಗಳಿಗೆ ಗುಂಡಿ ಹೊಲಿದುಕೊಡುತ್ತಿದ್ದ ಹೆಂಗಸಲ್ಲವೇ ಎಂದು ಒಬ್ಬಾಕೆಗೆ ನೆನಪಾಯಿತು. ಎಲ್ಲಿಗೆ ಹೋದಳೋ ಆಕೆಗೂ ಗೊತ್ತಿರಲಿಲ್ಲ. ಅಂದು ನಾನು ಮಾತಾಡಿದಷ್ಟು ಹೊಸಬರ ಜೊತೆ ಬದುಕಿನಲ್ಲೇ ಮಾತಾಡಿರಲಿಲ್ಲ.

ಆಸ್ಪತ್ರೆಯ ಮೂರನೆಯ ಮಹಡಿ ತಲುಪಿದಾಗ ನಾಲ್ಕೂವರೆ. ಅಪ್ಪ ಆಗಲೇ ಹೊರಗೆ ಬಂದು ನಿಂತಿದ್ದ. ಗೋಡೆಗೆ ಒರಗಿರಲಿಲ್ಲ. ಮನೆಗೆ ಹೋಗಿ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಬಂದಿದ್ದ, ಕುತ್ತಿಗೆಯ ಗುಂಡಿಯನ್ನೂ ಹಾಕಿದ್ದ. ಲಿಫ್ಟಿನಿಂದ ನಾನು ಇಳಿದೆ. ನನ್ನ ಹಿಂದೆ ಒಬ್ಬ ನರ್ಸು, ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ. ಬಾಗಿಲು ಮುಚ್ಚಿಕೊಂಡಿತು. ಅಪ್ಪ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

"ಮೆಟ್ಟಿಲಲ್ಲಿ ಬರ್ತಿದ್ದಾಳಾ?" ಎಂದ.

ನಾನು ಹೇಳಿದೆ. ಏಳು ತಿಂಗಳು ಎಂದೆ, ಮಣಿಕಟ್ಟು ಎಂದೆ, ಕಲಿತವಳ ಕೈ ಎಂದೆ. ಅಪ್ಪ ಕೈ ಚಾಚಿದ. ಪಾರ್ಸೆಲ್ಲು ಕೊಟ್ಟೆ. ಡಬ್ಬಿ ಬಿಚ್ಚಿ ಒಂದನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದ. ತುಂಬ ಹೊತ್ತು ನೋಡಿದ. "ಸಣ್ಣ ಕೈ," ಎಂದ. "ನನಗೂ ಕಂಡಿತ್ತು. ವಯಸ್ಸಾಯ್ತು ಅವಳಿಗೂ ಅಂದ್ಕೊಂಡೆ." ಮತ್ತೆ ಅದನ್ನು ಡಬ್ಬಿಯಲ್ಲಿ ಅದು ಇದ್ದ ಜಾಗದಲ್ಲೇ ಇಟ್ಟು, ಮುಚ್ಚಿ ನನ್ನ ಕೈಗೆ ಕೊಟ್ಟ. "ನೀನು ಹೋಗು ಒಳಗೆ."

"ಅಪ್ಪ, ನೀನೂ ಬಾ."

"ಇಲ್ಲ. ಹೊರಗಿರ್ತೀನಿ ಅಂದಿದ್ದೀನಲ್ಲ."

ಅಮ್ಮ ಕಣ್ಣು ಮುಚ್ಚಿದ್ದಳು. ಹೆಜ್ಜೆ ಕೇಳಿ ತೆರೆದಳು. ಏನೂ ತಿನ್ನಬಾರದು ಎಂದು ಮಂಚದ ತಲೆಗೆ ಚೀಟಿ ಅಂಟಿಸಿದ್ದರು. ಆದರೂ ಅವಳ ಕೈ ಡಬ್ಬಿಯನ್ನು ಹುಡುಕಿತು. ತೆರೆದುಕೊಟ್ಟೆ. ಅವಳ ಬೆರಳು ಒಂದು ಡಂಪ್ಲಿಂಗಿನ ನೆತ್ತಿಯನ್ನು ಮುಟ್ಟಿ, ಮಡಿಕೆಯ ಮೇಲೆ ಮಡಿಕೆ ನಿಧಾನ ನಡೆದು, ಕೊನೆ ಮುಟ್ಟಿತು.

"ಬಂದ್ಲಾ?"

ನನ್ನ ಬಾಯಿಯಲ್ಲಿ ಎರಡು ಉತ್ತರಗಳಿದ್ದವು. ಒಂದನ್ನು ಹೇಳಿದರೆ ನಾಳೆ ಬೆಳಿಗ್ಗೆ ಏಳು ಗಂಟೆಯವರೆಗೆ ಅವಳು ಅದನ್ನು ಹೊತ್ತುಕೊಂಡಿರಬೇಕು. ಇನ್ನೊಂದನ್ನು ಹೇಳಿದರೆ ಬಾಗಿಲು ತೆರೆದು ತೋರಿಸಬೇಕು. ಮಧ್ಯಾಹ್ನವಿಡೀ ಆಡಿದ ನಾಲಗೆ ಈಗ ಏಳಲಿಲ್ಲ. ಸುಮ್ಮನೆ ನಿಂತೆ. ನಮ್ಮ ಮನೆಯಲ್ಲಿ ಸುಮ್ಮನಿದ್ದರೆ ಹೌದು ಅಂತಲೇ ಅರ್ಥ.

ಅಮ್ಮನ ಮುಖ ಸಡಿಲವಾಯಿತು. ತಲೆಯನ್ನು ಸ್ವಲ್ಪ ಎತ್ತಿ ಬಾಗಿಲಿನ ಗಾಜಿನ ಕಡೆ ನೋಡಿದಳು. ಅಲ್ಲಿ ಅಪ್ಪನ ಒಂದು ಭುಜ, ಇಸ್ತ್ರಿ ಹಾಕಿದ ತೋಳು ಮಾತ್ರ ಕಾಣುತ್ತಿತ್ತು.

"ಅವರ ಜೊತೆ ಮಾತಾಡ್ತಿದ್ದಾಳಾ? ಮೊದಲು ಮಾತಾಡ್ಲಿ ಬಿಡು. ಅವಸರ ಮಾಡ್ಬೇಡ," ಎಂದಳು. "ನಾನು ಕಾಯ್ತೀನಿ."

ಕುರ್ಚಿಯನ್ನು ಮಂಚಕ್ಕೆ ಸರಿಸಿ ಕೂತೆ. ಅವಳ ಬೆರಳು ಡಬ್ಬಿಯೊಳಗೇ ಇತ್ತು. ಗಾಜಿನಾಚೆ ಆ ಭುಜ ಅಲುಗಾಡಲಿಲ್ಲ. ಕಾರಿಡಾರಿನಲ್ಲಿ ಸಮಯವಾಯಿತೆಂದು ಗಂಟೆ ಬಾರಿಸುತ್ತಾ ಯಾರೋ ಒಂದೊಂದೇ ಕೋಣೆಯ ಮುಂದೆ ನಿಂತು ಬರುತ್ತಿದ್ದರು.